ಮೆಣಸಿನಕಾಯಿ ಪೆಟ್ಟಿಗೆಯ ಜೇಡಗಳು

ಬೇಸಿಗೆಯ ಆ ಮಧ್ಯಾಹ್ನ ಹಾವೇರಿಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉತ್ತರಪತ್ರಿಕೆ ತಿದ್ದುತ್ತ, ಜಿರಳೆಗೆ ಎಂಟು ಕಾಲು ಬರೆದವನೊಬ್ಬನ ಮೇಲೆ ಸಿಟ್ಟಾಗುತ್ತ ಕೂತಿದ್ದೆ. ಅರಣ್ಯಾಧಿಕಾರಿಗಳ ಫೋನ್ ಬಂತು.

"ಮೇಡಂ, ಬ್ಯಾಡಗಿಯೊಳಗ ಒಂದು ಪೆಟಗಿ ಸಿಕ್ಕೈತ್ರಿ. ಒಳಗ ಜೇಡರಹುಳ ಅದಾವು, ಒಂದೊಂದು ಅಂಗೈಯಷ್ಟ. ಲಗೂನ ಬರ್ರಿ."

ಅಂಗೈಯಷ್ಟು ಎಂದ ಕೂಡಲೇ ಗೊತ್ತಾಯಿತು. ನೆಲದಲ್ಲಿ ಬಿಲ ತೋಡಿಕೊಂಡು ಬದುಕುವ, ಮೈತುಂಬ ಕೂದಲಿರುವ ಜೇಡ. ಸಾಕುವ ಹುಚ್ಚು ಹಿಡಿದ ಪಟ್ಟಣದವರು ಟರಾಂಟುಲಾ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ. ಇದರ ಬಿಲ ಹುಡುಕುತ್ತ ಬಿಸಿಲಲ್ಲಿ ಅಲೆಯುವ ಹುಚ್ಚಿ ಎಂದು ನಮ್ಮ ಕಡೆ ನನಗೂ ಒಂದು ಹೆಸರಿದೆ. ಹೀಗಾಗಿ ಯಾರಿಗೆ ಯಾವ ಹುಳ ಸಿಕ್ಕರೂ ಫೋನ್ ನನಗೇ ಬರುತ್ತದೆ.

"ಜೀವಂತ ಅದಾವೇನ್ರಿ ಸಾಹೇಬ್ರ?" ಎಂದೆ.

"ಅದರ ಚಿಂತಿ ಬ್ಯಾಡ್ರಿ. ಬಿಸಲು ಭಾಳ ಐತಲ್ಲ, ನಮ್ಮ ಗಾರ್ಡ್ ಶಾಣ್ಯಾ ಅದಾನ. ಕೋಲ್ಡ್ ಸ್ಟೋರೇಜಿನ್ಯಾಗ ಇಡಿಸ್ಯಾನ."

ಥಂಡಿ ಇವಕ್ಕೆ ಬಿಸಿಲಿಗಿಂತ ಕೇಡು. ಗಾರ್ಡನ್ನು ಬೈದೂ ಉಪಯೋಗವಿರಲಿಲ್ಲ. ಬ್ಯಾಡಗಿಯಲ್ಲಿ ಬೇಸಿಗೆ ಬಂತೆಂದರೆ ಮೆಣಸಿನಕಾಯಿಯಿಂದ ಹುಣಸೆಹಣ್ಣಿನ ತನಕ ಕೆಡಬಾರದ್ದೆಲ್ಲ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಜಪ್ತಿಯಾದ ಮಾಲು ಕೆಡಬಾರದು ಎಂದು ಸಾಹೇಬರು ಹೇಳಿದ್ದರು. ಅವನು ತನ್ನೂರಿನಲ್ಲಿ ಮಾಲು ಕೆಡದ ಜಾಗಕ್ಕೆ ಒಯ್ದಿದ್ದ.

ಬ್ಯಾಡಗಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದೆ. ಪೆಟ್ಟಿಗೆ ಸಿಕ್ಕ ಬಗೆಯನ್ನು ಗಾರ್ಡ್ ಕೋಲ್ಡ್ ಸ್ಟೋರೇಜಿನ ಮುಂದೆಯೇ ನಿಂತು ಹೇಳಿದ. ಮೆಣಸಿನಕಾಯಿ ಎಂದು ಬರೆದ ರಟ್ಟಿನ ಪೆಟ್ಟಿಗೆಯೊಂದು ಪುಣೆಗೆಂದು ಪಾರ್ಸೆಲ್ ಆಫೀಸಿಗೆ ಬಂದಿತ್ತು. ಎತ್ತಿಡಲು ಬಂದ ಹಮಾಲ, "ಮೆಣಸಿನಕಾಯಿ ಚೀಲದಾಗ ಹೊಕ್ಕಾವು. ಹಿಂಗ ಟೇಪ್ ಸುತ್ತಿ ಉಸರುಗಟ್ಟಿಸಿದ್ರ ಬೂಜ ಹಿಡೀತಾವು. ಬ್ಯಾಡಗಿಯಾಂವ ಯಾವನೂ ಹಿಂಗ ಕಟ್ಟೂದಿಲ್ಲ," ಎಂದು ಗೊಣಗಿ ಬಿಚ್ಚಿಸಿದ್ದ. ಮೇಲೆ ಒಂದು ಪದರ ಮೆಣಸಿನಕಾಯಿ. ಕೆಳಗೆ ಹೋಟೆಲಿನವರು ಚಟ್ನಿ ಕಟ್ಟಿಕೊಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳು. ಮುಚ್ಚಳಕ್ಕೆ ಸೂಜಿಯ ತೂತು, ಒಳಗೆ ಒಂದೊಂದು ಜೇಡ.

ಕೋಲ್ಡ್ ಸ್ಟೋರೇಜಿನ ಮೇಸ್ತ್ರಿ ಮಣಭಾರದ ಬಾಗಿಲು ಎಳೆದು, "ಆರು ಡಿಗ್ರಿ ಇಟ್ಟೇವ್ರಿ ಮೇಡಂ. ವರ್ಷ ಆದ್ರೂ ಬಣ್ಣ ಕೆಡೂದಿಲ್ಲ," ಎಂದು ಹೆಮ್ಮೆಯಿಂದ ಹೇಳಿದ. ಒಳಗೆ ಕಾಲಿಟ್ಟದ್ದೇ ಸೀನು ಶುರುವಾಯಿತು. ಸೀನುತ್ತಲೇ ಒಂದು ಡಬ್ಬಿ ತೆರೆದೆ. ಎಂಟೂ ಕಾಲು ಹೊಟ್ಟೆಯ ಕಡೆ ಮಡಚಿಕೊಂಡು, ಮುಷ್ಟಿ ಕಟ್ಟಿದ ಕೈಯಂತೆ ಬಿದ್ದಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಸತ್ತಾವೇನ್ರಿ?" ಎಂದ ಗಾರ್ಡ್. ಅವನ ಮುಖ ಸಣ್ಣದಾಗಿತ್ತು.

ಹೇಳುವುದು ಸುಲಭವಿರಲಿಲ್ಲ. ಜೇಡಕ್ಕೆ ಕಾಲು ಮಡಚಲು ಸ್ನಾಯು ಇದೆ, ಚಾಚಲು ಇಲ್ಲ. ಮೈಯೊಳಗಿನ ದ್ರವವನ್ನು ಕಾಲಿಗೆ ಒತ್ತಿ ಚಾಚುತ್ತದೆ. ನೀರಿಲ್ಲದೆ ಒಣಗಿದರೂ, ಥಂಡಿಗೆ ಮರಗಟ್ಟಿದರೂ, ಸತ್ತರೂ ಹೊರಗಿನಿಂದ ಕಾಣುವುದು ಒಂದೇ. ತಕ್ಷಣ ಬಿಸಿಲಿಗೆ ತಂದರೆ ಬದುಕಿದ್ದವೂ ಸಾಯುತ್ತವೆ. ಹೀಗಾಗಿ ಪೆಟ್ಟಿಗೆಯನ್ನು ಮೊದಲು ಬಾಗಿಲ ಹೊರಗಿನ ಮೊಗಸಾಲೆಯಲ್ಲಿ, ಆಮೇಲೆ ಗೋದಾಮಿನ ನೆರಳಲ್ಲಿ, ಹಂತಹಂತವಾಗಿ ಸರಿಸುತ್ತ ಕಾದೆ. ಸುತ್ತ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಒಬ್ಬಾಕೆ ಬಗ್ಗಿ ನೋಡಿ, "ಇದನ್ನ ರೊಕ್ಕ ಕೊಟ್ಟು ಸಾಕ್ತಾರಂತ? ನಮ್ಮನಿ ಗ್ವಾಡಿಮ್ಯಾಲ ಪುಕ್ಕಟ ಅದಾವಲ್ಲವ್ವಾ," ಎಂದು ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಅಷ್ಟರಲ್ಲಿ ಒಂದರ ಕಾಲು ಅಲುಗಿತು. ನಗು ನಿಂತು ಅಳು ಬಂತು.

ನಲವತ್ತರ ಆಸುಪಾಸಿನ ಡಬ್ಬಿಗಳಲ್ಲಿ ಮೂರರಲ್ಲೊಂದು ಪಾಲು ಏಳಲೇ ಇಲ್ಲ. ಉಳಿದವನ್ನು ಸಾಹೇಬರು ನನ್ನ ವಶಕ್ಕೆ ಕೊಟ್ಟರು. ಹಾವೇರಿಗೆ ತಂದು ಪ್ರಯೋಗಾಲಯದ ಮೇಜಿನ ಕೆಳಗೆ ಒದ್ದೆ ಗೋಣಿಚೀಲ ಇಳಿಬಿಟ್ಟು ಇಟ್ಟೆ.

ಥಂಡಿಯದು ಮುಗಿದ ಮೇಲೆ ಖಾರದ್ದು ಶುರುವಾಯಿತು. ಜೇಡ ಉಸಿರಾಡುವುದು ಹೊಟ್ಟೆಯಡಿಯ ನಾಲ್ಕು ಸೀಳುಗಳಿಂದ. ಸೂಜಿತೂತಿನಿಂದ ಇಳಿದ ಮೆಣಸಿನಕಾಯಿ ಪುಡಿ ಆ ಸೀಳುಗಳ ಸುತ್ತಲಿನ ಕೂದಲಿಗೆ ಮೆತ್ತಿಕೊಂಡಿತ್ತು. ಒಂದೊಂದನ್ನೂ ಹೊಟ್ಟೆ ಮೇಲಾಗುವಂತೆ ಪಾರದರ್ಶಕ ಲೋಟಕ್ಕೆ ಇಳಿಸಿ, ಒದ್ದೆ ಸ್ಪಂಜಿನಿಂದ ಕಾಲುಗಳನ್ನು ಮೆಲ್ಲಗೆ ಒತ್ತಿ ಹಿಡಿದು, ಚಿತ್ರ ಬರೆಯುವ ಸಣ್ಣ ಕುಂಚವನ್ನು ನೀರಲ್ಲಿ ಅದ್ದಿ ಪುಡಿ ತೆಗೆಯಬೇಕು. ನಮ್ಮ ದೇಶದ ಈ ಜೇಡಗಳಿಗೆ ಅಮೆರಿಕದವುಗಳಂತೆ ಮೈಯ ತುರಿಸುವ ಕೂದಲು ಉದುರಿಸಿ ಹೆದರಿಸುವ ವಿದ್ಯೆ ಗೊತ್ತಿಲ್ಲ, ನೇರವಾಗಿ ಕಚ್ಚುತ್ತವೆ. ಆದರೆ ಇವುಗಳಲ್ಲಿ ಕಚ್ಚುವ ಶಕ್ತಿಯೂ ಉಳಿದಿರಲಿಲ್ಲ. ತೊಳೆದಾದ ಮೇಲೆ ಬಾಯಿ ಕೆಳಗೆ ಬರುವಂತೆ ಒದ್ದೆ ಹತ್ತಿಯ ಮೇಲೆ ಮಲಗಿಸುವುದು, ಕುಡಿದರೆ ಪುಣ್ಯ.

ಅವುಗಳಲ್ಲಿ ಎಂಟು ಹತ್ತು ತಾಯಂದಿರಿದ್ದವು. ಬೆಳ್ಳಗೆ ನೂತ ಮೊಟ್ಟೆಚೀಲವನ್ನು ಕಾಲುಗಳ ನಡುವೆ ತಬ್ಬಿಕೊಂಡೇ ಥಂಡಿಯಲ್ಲಿ ಮರಗಟ್ಟಿದ್ದವು, ತಬ್ಬಿಕೊಂಡೇ ಎದ್ದಿದ್ದವು. ನನಗೆ ಭಯವಿದ್ದದ್ದು ಅವುಗಳದ್ದೇ. ಬಿಲ ಕಳೆದುಕೊಂಡ ತಾಯಿಜೇಡ, ಇನ್ನು ಮರಿಗಳನ್ನು ಉಳಿಸಲಾರೆ ಎಂದು ಅದರ ಮೈಗೆ ಅನಿಸಿದರೆ, ಚೀಲವನ್ನು ಹರಿದು ತನ್ನ ಮೊಟ್ಟೆಗಳನ್ನು ತಾನೇ ತಿನ್ನುತ್ತದೆ. ಒಂದು ಬೆಳಿಗ್ಗೆ ಬಂದು ಗೋಣಿ ಎತ್ತಿ ನೋಡಿದರೆ ಒಂದು ತಿಂದು ಮುಗಿಸಿತ್ತು. ಮರುದಿನ ಇನ್ನೊಂದು. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತೆ. ಹುಳಕ್ಕಾಗಿ ಅಳುವ ಹೆಂಗಸು ಎಂದು ಪ್ರಾಂಶುಪಾಲರು ನಗಬಾರದಲ್ಲ.

ದಾರಿಯೊಂದೇ ಇತ್ತು. ಅವು ಬಂದ ಜಾಗಕ್ಕೆ ಅವನ್ನು ಬೇಗ ಮುಟ್ಟಿಸುವುದು.

ಕೋರ್ಟಿನಿಂದ ಸೂಕ್ತ ಜಾಗದಲ್ಲಿ ಬಿಡಿ ಎಂಬ ಆದೇಶವೇನೋ ಬಂತು. ಸಾಹೇಬರು, "ಆಫೀಸಿನ ಹಿಂದ ನೀಲಗಿರಿ ಪ್ಲಾಂಟೇಶನ್ ಐತಲ್ಲ, ಅಲ್ಲೇ ಬಿಟ್ಟು ಒಂದು ಫೋಟೋ ತಗೊಂಡ್ಬಿಡೂಣ್ರಿ," ಎಂದರು.

"ಅಲ್ಲಿ ಬಿಟ್ರ ಸಾಯ್ತಾವ್ರಿ. ಅವಕ್ಕ ತಮ್ಮ ಮಣ್ಣ ಬೇಕು."

"ಮಣ್ಣು ಎಲ್ಲಿದ್ರೂ ಮಣ್ಣ ಅಲ್ಲೇನ್ರಿ ಮೇಡಂ? ಪಾರ್ಸೆಲ್ ಮ್ಯಾಲಿನ ಫೋನ್ ನಂಬರಿನಿಂದ ಇವನ್ನ ಹಿಡದಾಂವ ಸಿಕ್ಕಾನ, ಕರ್ಜಗಿ ಹೊಲದ ಒಡ್ಡಿನ್ಯಾಗ ಅಗದೇನಿ ಅಂತ ಬರಕೊಟ್ಟಾನ. ಬೇಕಾದ್ರ ಅಲ್ಲಿಗೇ ಒಯ್ರಿ."

ಸಾಹೇಬರು ಕೆಟ್ಟವರಲ್ಲ. ಅವರ ಕೈಯನ್ನೂ ಕಾನೂನು ಕಟ್ಟಿಹಾಕಿತ್ತು. ಈ ಜಾತಿಯ ಜೇಡ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿಲ್ಲ. ಕಾಡಿನ ಹದ್ದಿನೊಳಗೆ ಅಗೆದಿದ್ದರೆ ಅಪರಾಧ, ಹೊಲದ ಒಡ್ಡಿನಲ್ಲಿ ಅಗೆದಿದ್ದರೆ ಏನೂ ಅಲ್ಲ. ಹಿಡಿದವನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಪ್ರಯೋಗಾಲಯಕ್ಕೆ ಮರಳಿ ಡಬ್ಬಿಗಳಲ್ಲಿ ಉಳಿದಿದ್ದ ನೂಲಿನ ಚೂರುಗಳನ್ನು ಭೂತಗನ್ನಡಿಯಡಿ ಇಟ್ಟೆ. ಬಿಲದ ಗೋಡೆಗೆ ಜೇಡ ನೂಲಿನ ಅಸ್ತರಿ ಹಾಕುತ್ತದೆ, ಅದಕ್ಕೆ ಬಿಲದ ಮಣ್ಣು ಅಂಟಿರುತ್ತದೆ. ಕರ್ಜಗಿಯದು ಎರೆಭೂಮಿ, ಕಪ್ಪು. ನೂಲಿಗೆ ಅಂಟಿದ್ದು ಕೆಂಪು ಮಸಾರಿ ಮಣ್ಣು, ನಡುನಡುವೆ ಗರಸಿನ ಹರಳು. ಅವನು ಸುಳ್ಳು ಹೇಳಿದ್ದ.

ಹಿಡಿದವನಿಗೆ ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕುಪ್ಪೇಲೂರು ಕಡೆಯವನು, ಮೂವತ್ತರೊಳಗಿನ ವಯಸ್ಸು. ನನ್ನ ಮನೆಯೂ ರಾಣೆಬೆನ್ನೂರೇ. ದಿನಾ ಹಾವೇರಿಗೆ ಹೋಗುವ ಬಸ್ಸು ಅವನ ಅಂಗಡಿಯ ಮುಂದೆಯೇ ಹಾಯುತ್ತದೆ. ಮೂಗಿನ ತುದಿಯ ಸಿಟ್ಟನ್ನು ಅಲ್ಲೇ ಇಟ್ಟುಕೊಂಡು ಅಂಗಡಿಗೆ ನುಗ್ಗಿದೆ.

"ಕರ್ಜಗಿ ಮಣ್ಣು ಯಾವಾಗ ಕೆಂಪಾತೋ ತಮ್ಮಾ?" ಎಂದೆ.

ಅವನು ಚಿಮಟಿಗೆಯಲ್ಲಿ ಹಿಡಿದಿದ್ದ ಸ್ಕ್ರೂ ಕೆಳಗಿಟ್ಟ. ಹೆದರುತ್ತಾನೆ ಎಂದುಕೊಂಡಿದ್ದೆ, ಅವನು ತಿರುಗಿಬಿದ್ದ.

"ನಿಮ್ಮ ಕಾಲೇಜಿನ ಕಪಾಟಿನ್ಯಾಗ ಬಾಟ್ಲಿಯೊಳಗ ಎಷ್ಟು ಹುಳ ಮುಳುಗಿಸಿಟ್ಟೀರಿ ಮೇಡಂ? ನಾ ಜೀವಂತ ಕಳಸ್ತೇನಿ. ತಗೊಂಡವರು ತಮ್ಮ ಮಕ್ಕಳಂಗ ಸಾಕ್ತಾರ. ಮೊನ್ನೆ ರಸ್ತಾ ಅಗಲ ಮಾಡುವಾಗ ಜೆಸಿಬಿ ಎಷ್ಟು ಒಡ್ಡು ಕಿತ್ತು, ಎಷ್ಟು ಬಿಲ ಮುಚ್ಚಿತು? ಆವಾಗ ನಿಮ್ಮ ಸಾಹೇಬ್ರು ಎಲ್ಲಿದ್ರು?"

ಬಾಟಲಿಯ ಮಾತೂ ಜೆಸಿಬಿಯ ಮಾತೂ ಎರಡೂ ನಿಜ. ಜೆಸಿಬಿಯ ಎದುರು ನಾನೂ ನಿಂತಿರಲಿಲ್ಲ. ಆದರೂ ಅವನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಹೆಣ್ಣುಜೇಡ ಬೆಳೆದು ತಾಯಿಯಾಗಲು ವರ್ಷಗಳೇ ಹಿಡಿಯುತ್ತವೆ, ಒಂದೇ ಬಿಲದಲ್ಲಿ ಜನ್ಮ ಸವೆಸುತ್ತದೆ. ಮರಿಗಳೂ ದೂರ ಹೋಗುವುದಿಲ್ಲ, ಅದೇ ಇಳಿಜಾರಿನಲ್ಲಿ ಬಿಲ ಮಾಡುತ್ತವೆ. ಗಿರಾಕಿಗೆ ಬೇಕಾದದ್ದು ದೊಡ್ಡದು, ಅದೂ ಇವತ್ತೇ. ಮನೆಯಲ್ಲಿ ಮೊಟ್ಟೆ ಒಡೆಸಿ ಮರಿ ಮಾಡಿ ಮಾರುವವರೂ ಇದ್ದಾರೆ, ಆದರೆ ಅದಕ್ಕೆ ತಾಳ್ಮೆ ಬೇಕು. ಹಾರೆ ಹಿಡಿದವನು ದೊಡ್ಡದನ್ನೇ ಆರಿಸುತ್ತಾನೆ, ಎಂದರೆ ತಾಯಂದಿರನ್ನೇ. ಒಂದು ಮಧ್ಯಾಹ್ನದ ಅಗೆತಕ್ಕೆ ಒಂದು ಇಳಿಜಾರಿನ ವಂಶವೇ ಮುಗಿಯುತ್ತದೆ.

ಇದನ್ನೆಲ್ಲ ಅಂಗಡಿಯಲ್ಲಿ ನಿಂತು ಭಾಷಣ ಮಾಡಲಿಲ್ಲ. "ನಿನ್ನ ಮಾತು ಖರೇ ಇರಬಹುದು. ಬಂದು ಒಂದ್ಸಲ ನೋಡು," ಎಂದೆ. ಯಾಕೆ ಒಪ್ಪಿದನೋ, ಶಟರ್ ಎಳೆದು ಬಸ್ಸು ಹತ್ತಿದ.

ಪ್ರಯೋಗಾಲಯದಲ್ಲಿ ಗೋಣಿ ಎತ್ತಿ ತೋರಿಸಿದೆ. ಅದೇ ಹೊತ್ತಿಗೆ ಮೂಲೆಯ ಡಬ್ಬಿಯ ತಾಯಿ ಚೀಲ ಹರಿಯುತ್ತಿತ್ತು. ಅವನು ಬಗ್ಗಿ ನೋಡಿದ.

"ಏನ್ ಮಾಡಾಕತ್ತೈತ್ರಿ ಇದು?"

"ತನ್ನ ತತ್ತಿ ತಿನ್ನಾಕತ್ತೈತಿ."

"ಹಸಿವಾಗೇತೇನ್ರಿ? ಝಿರಳಿ ತರ್ಲಿ?"

"ಹಸಿವಲ್ಲೋ. ಮನಿ ಇಲ್ಲದಕ್ಕ."

ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ತಲೆ ಎತ್ತದೆಯೇ ಹೇಳಿದ. "ಜಾಗಾ ಕಾಡಿನ ಹದ್ದಿನೊಳಗ ಐತ್ರಿ. ನಾ ತೋರಿಸ್ತೇನಿ. ಆದ್ರ ನೀವು ಸಾಹೇಬ್ರಿಗೆ ಹೇಳಿದ್ರ ನಾ ಜೈಲಿಗೆ ಹೊಕ್ಕೇನಿ. ಅಂಗಡಿ ಹೊಕ್ಕೈತಿ, ನಮ್ಮವ್ವ ಎದಿ ಒಡಕೊಂಡು ಸಾಯ್ತಾಳ."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಒಬ್ಬ ಕಳ್ಳನಿಗೆ ಶಿಕ್ಷೆಯಾಗುತ್ತದೆ, ನಾಳೆ ಹಾರೆ ಎತ್ತುವವರು ನಾಲ್ಕು ಸಲ ಯೋಚಿಸುತ್ತಾರೆ. ಹೇಳುತ್ತೇನೆಂದರೆ ಅವನು ಜಾಗ ತೋರಿಸುವುದಿಲ್ಲ, ಮೇಜಿನ ಕೆಳಗಿನ ತಾಯಂದಿರು ಒಂದೊಂದಾಗಿ ಮೊಟ್ಟೆ ತಿಂದು ಸಾಯುತ್ತವೆ. ಸರ್ಕಾರದ ಸಂಬಳ ತಿನ್ನುವವಳು ಅಪರಾಧ ಮುಚ್ಚಿಡಬಾರದು ಎಂಬುದು ಗೊತ್ತಿತ್ತು. ಆ ಮೂಲೆಯ ಡಬ್ಬಿಯ ಕಡೆ ಮತ್ತೊಮ್ಮೆ ನೋಡಿದೆ.

"ಹೇಳೂದಿಲ್ಲ," ಎಂದು ಮಾತು ಕೊಟ್ಟೆ. ಸಾಹೇಬರಿಗೆ ಫೋನ್ ಮಾಡಿ, ಮಣ್ಣು ನೋಡಿ ಒಂದು ಜಾಗ ಗುರುತಿಸಿದ್ದೇನೆ, ನಾನೇ ಬಿಟ್ಟು ಬರುತ್ತೇನೆ ಎಂದೆ. ಅವರು ಯಾವ ಜಾಗ ಎಂದು ಕೇಳಿದರು. ರಾಣೆಬೆನ್ನೂರು ಕಡೆ ಎಂದಷ್ಟೇ ಹೇಳಿದೆ. ಅವರು ಕೆದಕಿ ಕೇಳಲಿಲ್ಲ. "ನೀವು ಬಲ್ಲವರು, ನೋಡಿ ಮಾಡ್ರಿ," ಎಂದರು.

ಭಾನುವಾರ ಬಿಸಿಲು ಇಳಿದ ಮೇಲೆ ಅವನ ಬೈಕಿನ ಹಿಂದೆ ಜೇಡಗಳ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕುರುಚಲು ಕಂಟಿಗಳ ನಡುವಿನ ಕೆಂಪು ಇಳಿಜಾರು ಎಂದಷ್ಟೇ ತಿಳಿದುಕೊಳ್ಳಿ. ಅವನು ಹುಡುಕಲಿಲ್ಲ, ತನ್ನ ಮನೆಯ ಹಿತ್ತಲಲ್ಲಿ ನಡೆದಂತೆ ನೇರವಾಗಿ ನಡೆದ.

"ಇಲ್ಲಿ ಒಂದು. ಅಲ್ಲಿ ಎರಡು. ಆ ಕಲ್ಲಿನ ಮಗ್ಗಲಕ್ಕ ತತ್ತಿ ಇಟ್ಟಾಕಿ ಇದ್ಲು," ಎಂದು ಕೈ ತೋರಿಸುತ್ತ ಹೋದ.

ಅವನು ತೋರಿಸಿದಲ್ಲೆಲ್ಲ ಬಿಲವಿರಲಿಲ್ಲ, ಹಾರೆಯ ಗುಂಡಿ ಇತ್ತು. ಬಿಲದ ಬಾಯಿಂದ ತಳದ ತನಕ ಸೀಳಿ ಮಣ್ಣು ಹೊರಗೆ ಎಳೆದಿದ್ದ. ವರ್ಷಗಟ್ಟಲೆ ನೂಲು ಹಾಸಿ ಮಾಡಿಕೊಂಡ ಮನೆಗಳು ಬಿಸಿಲಿಗೆ ಒಣಗಿ ಪುಡಿಯಾಗಿದ್ದವು. ನಾನು ಕೈಚೆಲ್ಲಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇದಕ್ಕಾಗಿ ಕಳ್ಳನಿಗೆ ಮಾತು ಕೊಟ್ಟಿದ್ದೆ.

"ಒಂದಾದ್ರೂ ಉಳಿಸಬಾರದಿತ್ತೇನೋ?" ಎಂದು ಚೀರಿದೆ.

"ತಿರುಗಿ ಬರ್ತಾವಂತ ಯಾರಿಗೆ ಗೊತ್ತಿತ್ರಿ," ಎಂದ. ಕಣ್ಣಲ್ಲಿ ನೀರಿತ್ತು. ಬೈಕಿಗೆ ಕಟ್ಟಿಕೊಂಡು ಬಂದಿದ್ದ ಹಾರೆ ತೆಗೆದುಕೊಂಡು ಬಂದು ಮುಂದೆ ನಿಂತ. "ಹೆಂಗ ತೋಡಬೇಕು ಹೇಳ್ರಿ."

ಹೇಳಿದೆ. ಹಳೆಯ ಗುಂಡಿಗಳ ಪಕ್ಕದ ಗಟ್ಟಿ ನೆಲದಲ್ಲಿ, ಮಳೆನೀರು ನೇರವಾಗಿ ನುಗ್ಗದಂತೆ ಓರೆಯಾಗಿ, ಮೊಳದಷ್ಟು ಆಳಕ್ಕೆ ಹಾರೆಯ ತುದಿ ತಿರುಗಿಸಿ ತೂತು ಮಾಡುವುದು. ಒಳಗೆ ನೀರು ಚಿಮುಕಿಸಿ, ಕೋಲಿನಿಂದ ಗೋಡೆ ನಯ ಮಾಡುವುದು. ಬಾಯಿಗೆ ಅರ್ಧ ಮುಚ್ಚುವಂತೆ ಚಪ್ಪಟೆ ಕಲ್ಲು. ಅವನು ತೋಡಿದ, ನಾನು ಒಂದೊಂದೇ ಜೇಡವನ್ನು ಬಿಲದ ಬಾಯಿಗೆ ಇಳಿಸಿದೆ. ಕೆಲವು ಒಳಗೆ ಮುಖ ಹಾಕಿ ಹಿಂದೆ ಬಂದವು. ಎರಡು ಬಯಲಿಗೆ ಓಡಿ ಕಂಟಿಯಲ್ಲಿ ಕಾಣೆಯಾದವು. ಒಂದನ್ನು ಅಲ್ಲೇ ಇರುವೆಗಳು ಮುತ್ತಿದವು, ಎತ್ತಿ ತೊಳೆದರೂ ಉಳಿಯಲಿಲ್ಲ. ಮೊಟ್ಟೆಚೀಲ ಉಳಿಸಿಕೊಂಡಿದ್ದ ತಾಯಂದಿರು ನಾಲ್ಕೇ. ಅವುಗಳಲ್ಲೊಂದು ಬಿಲದ ಬಾಯಲ್ಲಿ ಬಹಳ ಹೊತ್ತು ನಿಂತು, ಮುಂಗಾಲಿನಿಂದ ಗೋಡೆ ಸವರಿ ನೋಡಿ, ಹಿಮ್ಮುಖವಾಗಿ ಇಳಿಯುತ್ತ ಚೀಲವನ್ನು ತನ್ನ ಹಿಂದೆ ಎಳೆದುಕೊಂಡಿತು. ಚೀಲ ಪೂರ್ತಿ ಒಳಗೆ ಹೋಗುವ ತನಕ ನಾವಿಬ್ಬರೂ ಕದಲಲಿಲ್ಲ.

ಹೊರಡುವ ಮುಂಚೆ ಪ್ರತಿ ಬಿಲದ ಪಕ್ಕ ಕೆಂಪು ದಾರ ಕಟ್ಟಿದ ಒಂದು ಕಡ್ಡಿ ನೆಟ್ಟೆ. ಮುಂದಿನ ಸಲ ಬಂದಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ತಿಳಿಯಬೇಕಲ್ಲ. ಕಲಿತ ವಿದ್ಯೆಯ ರೂಢಿ. ಕಡ್ಡಿಗಳ ಕಟ್ಟು ಹಿಡಿದುಕೊಂಡು ಅವನೇ ಒಂದೊಂದಾಗಿ ಕೈಗೆ ಕೊಟ್ಟ.

ಒಂದು ಒಳ್ಳೆಯ ಮಳೆ ಆದ ಮೇಲೆ ಒಬ್ಬಳೇ ಹೋದೆ. ಹೊಸ ನೂಲಿನ ಬಾಯಿಗಳನ್ನು ಕಾಣುವ ಆಸೆಯಲ್ಲಿ ಇಳಿಜಾರು ಹತ್ತಿದವಳಿಗೆ ಮೊದಲು ಕಂಡದ್ದು ಹಸಿ ಮಣ್ಣಿನ ಗುಂಡಿ. ಪಕ್ಕದಲ್ಲಿ ಕೆಂಪು ದಾರದ ಕಡ್ಡಿ. ಎರಡನೆಯ ಕಡ್ಡಿಯ ಹತ್ತಿರವೂ ಗುಂಡಿ. ಮೂರನೆಯದಕ್ಕೂ. ಅಲ್ಲಿಂದಲೇ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈಸಿಕೊಳ್ಳುತ್ತಲೇ ಬೈಕ್ ಹತ್ತಿ ಬಂದ.

"ನಾ ಅಲ್ರಿ ಮೇಡಂ. ನಮ್ಮವ್ವನ ಆಣಿ ಮಾಡ್ತೇನಿ."

"ಮತ್ಯಾರು? ನಿನ್ನ ಬಿಟ್ರ ಯಾರಿಗೆ ಗೊತ್ತೈತಿ ಈ ಜಾಗಾ?"

"ಪುಣೆಯೊಳಗ ತಗೊಳ್ಳಾಂವ ಭಾಳ ಸಲ ಜಾಗಾ ಕೇಳಿದ್ದ. ಹೇಳಿರಲಿಲ್ರಿ. ಹಿಂದ ಒಮ್ಮೆ ಒಂದು ಹುಳದ ಫೋಟೋ ಕಳಸಿದ್ದೆ, ಅದರಾಗ ಹಿಂದಿನ ಗುಡ್ಡ ಕಾಣ್ತಿತ್ತು. ಬ್ಯಾರೆ ಹುಡುಗ್ರನ್ನ ಹಚ್ಚಿರಬೇಕು."

ಅವನ ಮಾತನ್ನು ನಂಬಿದೆ, ನಂಬಿದ ಮೇಲೆ ಇನ್ನೂ ಸಂಕಟವಾಯಿತು. ಗುಡ್ಡ ಗುರುತು ಹಿಡಿದು ಬಂದವರಿಗೆ ಇಡೀ ಇಳಿಜಾರು ಜಾಲಾಡುವ ಕಷ್ಟವನ್ನೂ ನಾನು ತಪ್ಪಿಸಿದ್ದೆ. ಕೆಂಪು ದಾರ ಕಂಡಲ್ಲಿ ಹಾರೆ ಹಾಕಿದ್ದರು, ಅಷ್ಟೇ. ಉಳಿದ ಬಿಲಗಳು ಉಳಿದದ್ದೂ ನನ್ನ ಪುಣ್ಯದಿಂದಲ್ಲ. ಅಲ್ಲಿ ದನ ತುಳಿದು ಕಡ್ಡಿ ಮುರಿದು ಬಿದ್ದಿದ್ದವು. ಅಂಥ ಒಂದು ಬಿಲದ ಬಾಯಿಗೆ ಬೆಳ್ಳಗೆ ಹೊಸ ನೂಲು ಹಾಸಿತ್ತು. ಹಿಮ್ಮುಖವಾಗಿ ಇಳಿದಿದ್ದ ತಾಯಿಯದೇ. ಅವನು ನೆಲಕ್ಕೆ ಮುಖ ಹಚ್ಚಿ ನೋಡಿ, "ಅದಾಳ್ರಿ, ಒಳಗದಾಳ," ಎಂದು ಪಿಸುಗುಟ್ಟಿದ.

ಸಾಹೇಬರಿಗೆ ಹೇಳಿ ಕಾವಲು ಹಾಕಿಸಲೇ ಎಂದು ಯೋಚಿಸಿದೆ. ಅವನೇ, "ಹೇಳ್ರಿ ಬೇಕಾದ್ರ, ನನಗ ಏನಾಗ್ತೈತೋ ಆಗಲಿ," ಎಂದ. ಆದರೆ ಆ ಬಯಲಲ್ಲಿ ಕಾವಲುಗಾರ ಕೂತರೆ ಅವನೇ ದಾರ ಕಟ್ಟಿದ ಕಡ್ಡಿಯಾಗುತ್ತಾನೆ. ಬೇಡ ಎಂದೆ.

ಇಬ್ಬರೂ ಸೇರಿ ಉಳಿದ ಕಡ್ಡಿಗಳನ್ನೆಲ್ಲ ಕಿತ್ತೆವು. ಚಪ್ಪಟೆ ಕಲ್ಲುಗಳನ್ನು ಸರಿಸಿ ಚೆಲ್ಲಾಪಿಲ್ಲಿ ಮಾಡಿದೆವು. ಹೆಜ್ಜೆಗುರುತಿನ ಮೇಲೆ ಕಂಟಿಯ ಟೊಂಗೆ ಎಳೆದೆವು. ಫೋನಿನಲ್ಲಿದ್ದ ಫೋಟೋಗಳನ್ನು ಅಲ್ಲೇ ನಿಂತು ಅಳಿಸಿದೆ. ಮೊಟ್ಟೆ ಒಡೆದು ಮರಿ ಹೊರಬರುವುದನ್ನು ನೋಡಬೇಕು, ಎಷ್ಟು ಉಳಿದವು ಬರೆದಿಡಬೇಕು ಎಂದು ಆಸೆಪಟ್ಟವಳು, ತಿರುಗಿ ನೋಡಿದಾಗ ಯಾವ ಬಿಲ ಎಲ್ಲಿತ್ತು ಎಂದು ನನಗೇ ತಿಳಿಯಲಿಲ್ಲ.

"ನೀನೂ ಮರತುಬಿಡಬೇಕು ನೋಡು," ಎಂದೆ.

ಅವನು ನಗಲಿಲ್ಲ. "ಹೆಂಗ ಮರೀಲ್ರಿ ಮೇಡಂ? ಕಣ್ಣು ಮುಚ್ಚಿದ್ರೂ ಒಂದೊಂದು ತೂತು ಕಾಣ್ತೈತಿ. ಆದ್ರ ಬಾಯಿ ಬಿಡೂದಿಲ್ಲ."

ಆಮೇಲೆ ನಾನು ಅಲ್ಲಿಗೆ ಹೋಗಿಲ್ಲ. ಕಾಲೇಜು ಶುರುವಾಗಿದೆ. ಬೆಳಿಗ್ಗೆ ಹಾವೇರಿ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತೇನೆ. ಬಸ್ಸು ಅವನ ಅಂಗಡಿಯ ಮುಂದೆ ಹಾಯುವಾಗ ಅವನು ಒಳಗೆ ತಲೆ ಬಗ್ಗಿಸಿ ಸ್ಕ್ರೂ ತಿರುಗಿಸುತ್ತ ಕೂತಿರುವುದು ಕಂಡರೆ ಜೀವ ಹಗುರಾಗುತ್ತದೆ. ಶಟರ್ ಇಳಿದಿದ್ದ ದಿನ ಎಷ್ಟು ಪಾಠ ಮಾಡಿದರೂ ನನ್ನ ಮನಸ್ಸು ತರಗತಿಯಲ್ಲಿ ಇರುವುದಿಲ್ಲ.